ನೇರಳೆ ಚುಕ್ಕೆ ಮತ್ತು ಯಂತ್ರದ ಕೈ

ಅಮೈನೋ ಆಮ್ಲಗಳಿಗೆ ಬಣ್ಣವಿಲ್ಲ. 1944ರಲ್ಲಿ ಇಂಗ್ಲೆಂಡಿನ ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಅವುಗಳನ್ನು ಸೋಸುಕಾಗದದ ಮೇಲೆ ಬೇರ್ಪಡಿಸಿದರು. ಆದರೆ ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆಂದೇ ಕಾಗದಕ್ಕೆ ನಿನ್‌ಹೈಡ್ರಿನ್ ದ್ರಾವಣ ಸಿಂಪಡಿಸಿ ಬಿಸಿ ಮಾಡುತ್ತಾರೆ. ಆಗ ನೇರಳೆ ಚುಕ್ಕೆಗಳು ಮೂಡುತ್ತವೆ. ಚುಕ್ಕೆಯ ಜಾಗದಿಂದ ಆಮ್ಲ ಯಾವುದೆಂದೂ, ಬಣ್ಣದ ಗಾಢತೆಯಿಂದ ಅದು ಎಷ್ಟಿದೆಯೆಂದೂ ಅಂದಾಜು ಸಿಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಕೈಯಿಂದ ಸಿಂಪಡಿಸುವಾಗ ದ್ರಾವಣ ಒಂದೆಡೆ ಹೆಚ್ಚಾಗಿ, ಇನ್ನೊಂದೆಡೆ ಕಡಿಮೆ ಬಿದ್ದರೆ ಬಣ್ಣ ಮೋಸ ಮಾಡುತ್ತದೆ. ಇದು ಸಣ್ಣ ಮಾತಲ್ಲ. ಕೆಲವು ಕೂಸುಗಳ ರಕ್ತದಲ್ಲಿ ಹುಟ್ಟಿನಿಂದಲೇ ಫಿನೈಲ್‌ಅಲನಿನ್ ಎಂಬ ಆಮ್ಲ ಮಿತಿಮೀರುತ್ತದೆ. ಬೇಗನೆ ಪತ್ತೆಹಚ್ಚಿ ಪಥ್ಯ ಆರಂಭಿಸದಿದ್ದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ.

ಯಂತ್ರದ ಉಪಯೋಗ ಇಲ್ಲಿದೆ. ಅದು ಪ್ರತಿ ಕಾಗದವನ್ನೂ ಒಂದೇ ವೇಗದಲ್ಲಿ ದ್ರಾವಣಕ್ಕೆ ಅದ್ದಿ, ಒಂದೇ ಶಾಖದಲ್ಲಿ, ಅಷ್ಟೇ ಹೊತ್ತು ಇಡಬಲ್ಲದು. 1958ರಲ್ಲಿ ಅಮೆರಿಕದ ಸ್ಪ್ಯಾಕ್‌ಮನ್, ಸ್ಟೈನ್ ಮತ್ತು ಮೂರ್ ಇನ್ನೂ ಮುಂದೆ ಹೋದರು. ಕಾಗದದ ಬದಲು ರಾಳ ತುಂಬಿದ ಕೊಳವೆ ಬಳಸಿ, ನಿನ್‌ಹೈಡ್ರಿನ್ ಬೆರೆಸುವುದರಿಂದ ಬಣ್ಣ ಅಳೆಯುವವರೆಗೆ ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿದರು.

ಯಂತ್ರ ರೋಗವನ್ನು ನಿರ್ಣಯಿಸುವುದಿಲ್ಲ. ಎರಡು ಕೂಸುಗಳ ಚುಕ್ಕೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಾಣುವ ವ್ಯತ್ಯಾಸ ರಕ್ತದ್ದೇ ಹೊರತು ಕೈಯದ್ದಲ್ಲ ಎಂಬ ಭರವಸೆಯನ್ನಷ್ಟೇ ಅದು ಕೊಡುತ್ತದೆ.