ಆವಿಲದ ಬಾವಿ, ನಮ್ಮೂರ ಬಾವಿ

(ಅಕ್ಟೋಬರ್ 15, ಆವಿಲದ ಸಂತ ತೆರೇಸಮ್ಮನವರ ಹಬ್ಬದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ತಮ್ಮನ್ನು ದ್ರಾಕ್ಷಿ ಬಳ್ಳಿಗೂ ಪರಮಪಿತನನ್ನು ತೋಟಗಾರನಿಗೂ ಹೋಲಿಸಿದ್ದಾರೆ. ತಿಕೋಟಾ, ಬಬಲೇಶ್ವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವು ಅಕ್ಟೋಬರ್ ಚಾಟ್ನಿಯ ದಿನಗಳು. ಕತ್ತರಿ ಹಿಡಿದು ಸ್ವಂತ ತೋಟಕ್ಕೆ ಇಳಿದವರೂ ಪರರ ತೋಟಕ್ಕೆ ಕೂಲಿಗೆ ಹೋದವರೂ ಇಲ್ಲಿದ್ದೀರಿ. ಯಾವ ಕಡ್ಡಿ ಇಡಬೇಕು, ಯಾವುದನ್ನು ತೆಗೆಯಬೇಕು ಎಂಬುದು ಪೀಠದ ಬಳಿ ನಿಂತು ಮಾತನಾಡುವ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಬಳ್ಳಿಯ ಮಾತನ್ನು ನಿಮಗೇ ಬಿಟ್ಟು, ಬಳ್ಳಿಗೆ ಬೇಕಾದ ನೀರಿನ ಮಾತನ್ನು ಎತ್ತಿಕೊಳ್ಳೋಣ. ಇಂದು ನಾವು ಹಬ್ಬ ಆಚರಿಸುತ್ತಿರುವ ತೆರೇಸಮ್ಮನವರು ಪ್ರಾರ್ಥನೆಯೆಂದರೆ ತೋಟಕ್ಕೆ ನೀರು ಹಾಯಿಸುವ ಕೆಲಸ ಎಂದು ಕಲಿಸಿದವರು.

ಮೊದಲು ಅವರ ಊರಿಗೆ ಹೋಗಿಬರೋಣ. ಪಾಸ್‌ಪೋರ್ಟು, ವೀಸಾ, ಲಕ್ಷಗಟ್ಟಲೆ ಖರ್ಚು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಮನಸ್ಸಿನಲ್ಲೇ ಹೋಗೋಣ. ಆವಿಲ ಎಂಬುದು ಸ್ಪೇನ್ ದೇಶದ ನಡುಭಾಗದ ಗುಡ್ಡದೂರು. ರಾಜಧಾನಿ ಮಡ್ರಿಡ್‌ನಿಂದ ಸುಮಾರು 110 ಕಿಲೋಮೀಟರ್, ರೈಲಿನಲ್ಲಿ ಒಂದೂವರೆ ತಾಸಿನ ಹಾದಿ. ನಮ್ಮ ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಆವಿಲ 1,100 ಮೀಟರಿಗೂ ಮೇಲಿದೆ. ಸುತ್ತಲೂ ಬಂಡೆಗಲ್ಲು, ಕುರುಚಲು ಗಿಡ, ದಕ್ಷಿಣಕ್ಕೆ ಚಳಿಗಾಲದಲ್ಲಿ ಹಿಮ ಹೊದ್ದು ನಿಲ್ಲುವ ಬೆಟ್ಟಸಾಲು. ಮಳೆ ನಮ್ಮಲ್ಲಿಗಿಂತಲೂ ಕಡಿಮೆ. ತೆರೇಸಮ್ಮ ಹುಟ್ಟಿದ್ದು ಹಸಿರು ನಾಡಿನಲ್ಲಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ದೂರದಿಂದ ಮೊದಲು ಕಾಣುವುದು ಕೋಟೆಗೋಡೆ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಕಟ್ಟಲು ಆರಂಭಿಸಿದ್ದು. ಸುತ್ತಳತೆ ಎರಡೂವರೆ ಕಿಲೋಮೀಟರ್, 80ಕ್ಕೂ ಹೆಚ್ಚು ಬುರುಜು, 9 ಬಾಗಿಲು. ಅಲ್ಲಿಯ ಮಹಾದೇವಾಲಯದ ಪೀಠದ ಭಾಗವೇ ಗೋಡೆಯ ಒಂದು ಬುರುಜಾಗಿದೆ! 1985ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆಂದು ವಿಜಯಪುರದವರು ಸಣ್ಣ ಮುಖ ಮಾಡಿಕೊಳ್ಳಬೇಕಾಗಿಲ್ಲ. ನಮ್ಮ ಕೋಟೆಗೋಡೆ ಸುಮಾರು 10 ಕಿಲೋಮೀಟರ್ ಉದ್ದದ್ದು, 96 ಬುರುಜುಗಳದ್ದು. ಒಂದನೇ ಅಲಿ ಆದಿಲ್ ಷಾ ಅದನ್ನು ಮುಗಿಸಿದ್ದು 1565ರಲ್ಲಿ. ಸರಿಸುಮಾರು ಅದೇ ಹೊತ್ತಿಗೆ ಅತ್ತ ಆವಿಲದಲ್ಲಿ ತೆರೇಸಮ್ಮ ತಮ್ಮ ಆತ್ಮಕಥೆಯನ್ನು ಎರಡನೇ ಸಲ ಬರೆದು ಮುಗಿಸುತ್ತಿದ್ದರು.

ಗೋಡೆಯೊಳಗೆ, ಅವರು 1515ರ ಮಾರ್ಚ್ 28ರಂದು ಹುಟ್ಟಿದ ಮನೆಯ ಜಾಗದಲ್ಲಿ ಈಗ ದೇವಾಲಯವಿದೆ. ಅಂಗಡಿಗಳಲ್ಲಿ ಅವರ ಹೆಸರಿನ ಸಿಹಿತಿಂಡಿಯೂ ಸಿಗುತ್ತದೆ, ಮೊಟ್ಟೆಯ ಹಳದಿಯಿಂದ ಮಾಡಿದ್ದು. ಯಾತ್ರಿಕರು ಅದನ್ನು ಮರೆಯುವುದಿಲ್ಲ. ಆಕೆಯ ಪುಸ್ತಕ ಕೊಳ್ಳುವವರು ಅಷ್ಟು ಮಂದಿ ಇದ್ದಾರೋ ಇಲ್ಲವೋ! ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡ ಆ ಹುಡುಗಿ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ನಿಂತು, ಇನ್ನು ನೀನೇ ನನ್ನ ತಾಯಿ ಎಂದು ಅತ್ತು ಬೇಡಿಕೊಂಡಳು. ಜಪಸರದ ಈ ತಿಂಗಳಲ್ಲಿ ತಾಯಿಯಿಲ್ಲದ ಮಕ್ಕಳು ಇದನ್ನು ಕೇಳಿಸಿಕೊಳ್ಳಲಿ.

ತೆರೇಸಮ್ಮನ ತಂದೆಯ ಮನೆಯಲ್ಲಿ ಒಂದು ಚಿತ್ರವಿತ್ತು. ಬಾವಿಯ ಕಟ್ಟೆಯ ಮೇಲೆ ಯೇಸುಸ್ವಾಮಿ, ಎದುರಿಗೆ ಕೊಡ ಹಿಡಿದ ಸಮಾರಿಯದ ಹೆಂಗಸು. ಆ ನೀರು ನನಗೂ ಬೇಕು ಎಂದು ಚಿಕ್ಕಂದಿನಿಂದ ಬೇಡುತ್ತಿದ್ದೆ ಎಂದು ಆಕೆ ನೆನೆಯುತ್ತಾರೆ. ಆ ಮನೆಯಲ್ಲಿ ಈ ಚಿತ್ರಕ್ಕೆ ಇನ್ನೊಂದು ಅರ್ಥವೂ ಇತ್ತು ಎನಿಸುತ್ತದೆ. ಅವರ ಅಜ್ಜ ಟೊಲೆಡೊ ನಗರದ ವ್ಯಾಪಾರಿ, ಯೆಹೂದ್ಯ ಮೂಲದ ಕ್ರೈಸ್ತ. 1485ರಲ್ಲಿ ಅಲ್ಲಿಯ ಧರ್ಮವಿಚಾರಣೆಯವರು ಅವರಿಗೆ ಎಲ್ಲರೆದುರು ಪ್ರಾಯಶ್ಚಿತ್ತ ವಿಧಿಸಿದ್ದರು. ಕುಟುಂಬ ಆವಿಲಕ್ಕೆ ಬಂದು, ಕುಲ ದೊಡ್ಡದು ಎಂಬ ಪತ್ರವನ್ನು ಕೋರ್ಟಿನಲ್ಲಿ ಪಡೆದುಕೊಂಡು ಬಾಳಿತು. ಕುಲದ ಮಾತು ಮೊಮ್ಮಗಳನ್ನು ಎಷ್ಟು ಸುಟ್ಟಿರಬೇಕು! ಮುಂದೆ ತಾವೇ ಕಟ್ಟಿದ ಮಠದಲ್ಲಿ ದೊಡ್ಡ ಮನೆತನದ ಬಿರುದುಗಳನ್ನು ಅವರು ತೆಗೆದುಹಾಕಿದರು. ಅಲ್ಲಿ ಎಲ್ಲರೂ ಸಹೋದರಿಯರು, ಅಷ್ಟೇ. ಊರ ಬಾವಿಗೆ ಕೊಡ ಇಳಿಸಲು ಬಿಡದಿದ್ದ ಕಾಲವನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾವಿಕಟ್ಟೆಯ ಮೇಲೆ ಕುಳಿತು ಆ ಹೆಂಗಸಿನ ಕೈಯಿಂದ ನೀರು ಕೇಳಿದ ಸ್ವಾಮಿ ಎಂಥವರೆಂದು ಆ ಹಿರಿಯರಿಗೆ ತಿಳಿಯುತ್ತದೆ. ಮದುವೆಯ ಮಾತು ಬಂದಾಗ ಮಾತ್ರ ನಾವೇ ಯಾರ ಪೈಕಿ, ಯಾವ ಕೇರಿ ಎಂದು ಕೇಳುತ್ತೇವೆ.

ಈಗ ಗೋಡೆಯ ಹೊರಗೆ ಬರೋಣ. ಪೂರ್ವದ ಬಾಗಿಲಿನ ಆಚೆ, ಸ್ವಲ್ಪ ದೂರದಲ್ಲಿ ಸಂತ ಜೋಸೆಫರ ಮಠ. 1562ರ ಆಗಸ್ಟ್ 24ರಂದು ನಾಲ್ವರು ಕನ್ಯೆಯರೊಂದಿಗೆ ಶುರುವಾದದ್ದು. ಆದಾಯವಿಲ್ಲದ ಬಡ ಮಠ ಊರಿಗೆ ಹೊರೆಯಾಗುತ್ತದೆಂದು ನಗರಸಭೆಯೇ ವಿರೋಧಿಸಿತು, ದಾವೆ ಹೂಡಿತು. ಆ ಮಠದ ಅಂಗಳದಲ್ಲಿ ಒಂದು ಬಾವಿಯಿತ್ತು, ನೀರು ಕುಡಿಯಲು ಬಾರದು. ಅಲ್ಲಿಂದ ನೀರು ಹರಿಸಬಹುದೇ ನೋಡಿ ಎಂದು ತೆರೇಸಮ್ಮ ಕೆಲಸದವರನ್ನು ಕರೆಸಿದರು. ದುಡ್ಡು ನೀರಿಗೆ ಹಾಕಿದಂತೆ ಎಂದು ಅವರು ನಕ್ಕರು. ಸಹೋದರಿಯರನ್ನು ಕೇಳಿದಾಗ ಒಬ್ಬಳು, ಹೊರಗಿನಿಂದ ತಂದುಕೊಡುವುದಕ್ಕಿಂತ ಮನೆಯೊಳಗೇ ನೀರು ಕೊಡುವುದು ದೇವರಿಗೆ ಅಗ್ಗ, ಪ್ರಯತ್ನಿಸೋಣ ಎಂದಳು. ಅಗೆದರು. ಕುಡಿಯುವ ನೀರು ಬಂತು, ಸಾಕಾಗುವಷ್ಟು. ನಮಗೆ ಬಹಳ ಇಷ್ಟವಾಗುವುದು ಮುಂದಿನ ಮಾತು: ಇದನ್ನು ಪವಾಡವೆಂದು ಹೇಳುತ್ತಿಲ್ಲ, ಆ ಸಹೋದರಿಯರ ವಿಶ್ವಾಸ ಎಂಥದ್ದೆಂದು ತೋರಿಸಲು ಹೇಳುತ್ತಿದ್ದೇನೆ ಎಂದು ತೆರೇಸಮ್ಮನೇ ಬರೆದಿದ್ದಾರೆ. ನಾಲ್ಕು ಕಡೆ ಬೋರ್ ಕೊರೆಸಿ ಧೂಳನ್ನಷ್ಟೇ ಕಂಡ ಮನೆಗಳು ನಮ್ಮಲ್ಲಿವೆ. ವಿಶ್ವಾಸ ಸಾಲದ್ದರಿಂದ ನೀರು ಬರಲಿಲ್ಲ ಎಂದು ಆ ಮನೆಯವರಿಗೆ ಯಾರೂ ಹೇಳಬಾರದು. ತೆರೇಸಮ್ಮನೂ ಹೇಳುತ್ತಿರಲಿಲ್ಲ.

ತೋಟಕ್ಕೆ ನೀರು ಬರುವ ದಾರಿ ನಾಲ್ಕು ಎನ್ನುತ್ತಾರೆ ಅವರು. ಮೊದಲನೆಯದು ಬಾವಿಯಿಂದ ಕೈಯಾರೆ ಸೇದುವುದು. ನಮ್ಮ ಅಜ್ಜಂದಿರು ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರಲ್ಲ, ಬೆವರೇ ಹೆಚ್ಚು, ನೀರು ಕಡಿಮೆ. ಪ್ರಾರ್ಥನೆಯ ಆರಂಭ ಹೀಗೆ. ಮನೆಯಲ್ಲಿ ಜಪಸರ ಹಿಡಿದರೆ ಸಾಲದ ಕಂತು ನೆನಪಾಗುತ್ತದೆ, ಮಗುವಿನ ಶಾಲೆ ಫೀ ನೆನಪಾಗುತ್ತದೆ, ಮೊಬೈಲ್ ಕೂಗುತ್ತದೆ. ನಮಗೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಎಷ್ಟೋ ವರ್ಷ ತೆರೇಸಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಗಡಿಯಾರ ಯಾವಾಗ ಹೊಡೆದೀತೆಂದು ಕಾದವರು! ದೊಡ್ಡ ಕಾಯಿಲೆಯ ನಂತರ, ನಾನು ಯೋಗ್ಯಳಲ್ಲ ಎಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಧ್ಯಾನವನ್ನೇ ಬಿಟ್ಟರು. ಅದೇ ತಮ್ಮ ಬದುಕಿನ ಘೋರ ಶೋಧನೆ ಎಂದು ಮುಂದೆ ಒಪ್ಪಿಕೊಂಡರು. ಇಂಥವರನ್ನೇ ಧರ್ಮಸಭೆ 1970ರಲ್ಲಿ ಧರ್ಮಪಂಡಿತೆ ಎಂದು ಸಾರಿತು.

ಬಾವಿಯೇ ಬತ್ತಿದರೆ? ಆಗಲೂ ಕೊಡ ಇಳಿಸು ಎನ್ನುತ್ತಾರೆ ಅವರು. ತೋಟ ನಿನ್ನದಲ್ಲ, ಯಜಮಾನನದು. ಆತ ನೀರಿಲ್ಲದೆಯೂ ಹೂವನ್ನು ಉಳಿಸಬಲ್ಲ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದ 2023ರ ವರ್ಷವನ್ನು ನಾವು ಮರೆತಿಲ್ಲ. ಹಣ ಕೊಟ್ಟು ಟ್ಯಾಂಕರ್ ತರಿಸಿ, ಈ ವರ್ಷ ಫಲ ಬೇಡ, ಬೇರು ಬದುಕಿದರೆ ಸಾಕು ಎಂದು ಬಳ್ಳಿಯ ಬುಡಕ್ಕಷ್ಟೇ ನೀರು ಬಿಡುವುದು ಏನೆಂದು ನಮ್ಮ ರೈತರಿಗೆ ಗೊತ್ತು. ಬರಗಾಲದ ಪ್ರಾರ್ಥನೆಯೂ ಅಷ್ಟೇ. ಕೆಲವೊಮ್ಮೆ ಬಾವಿ ಬತ್ತಿರುವುದೂ ಇಲ್ಲ. 1620ರ ತಾಜ್ ಬಾವಡಿಯಲ್ಲಿ ನೀರಿತ್ತು, ಮೇಲೆ ಊರ ಕಸವಿತ್ತು. 2010ರ ದಶಕದಲ್ಲಿ ಹೂಳು ತೆಗೆಸಿದಾಗ ಒಳಗಿನ ಮೆಟ್ಟಿಲುಗಳು ಮತ್ತೆ ಕಂಡವು. ಪಾಪನಿವೇದನೆಗೆ ಬರದೆ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುವವರಿಗೆ ಇಷ್ಟು ಹೇಳಿದರೆ ಸಾಕು.

ಎರಡನೆಯದು ರಾಟೆ. ಗಾಲಿಗೆ ಗಡಿಗೆ ಕಟ್ಟಿ ತಿರುಗಿಸಿದರೆ ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹರಿಯುವ ಹೊಳೆ ಅಥವಾ ಕಾಲುವೆ. ತೊರವಿಯಿಂದ ನೆಲದಡಿ ಸುರಂಗದಲ್ಲಿ, 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಮ್ಮ ನಗರಕ್ಕೆ ನೀರು ಬರುತ್ತಿತ್ತು. ನಮ್ಮ ಕಾಲದಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯೇ ಮೇಲೇರಿ ಬಂದಿದ್ದಾಳೆ. ರೈತ ಮಡಿಕೆ ತಿರುಗಿಸಿ ಬಿಟ್ಟರಾಯಿತು, ನೆಲ ತಾನೇ ಕುಡಿಯುತ್ತದೆ. ನಾಲ್ಕನೆಯದು ಮಳೆ. ಅಲ್ಲಿ ನಮ್ಮ ಕೈ ಏನೂ ಇಲ್ಲ. ಸೇದಿದವನ ಹೊಲಕ್ಕೂ ಸೇದದವನ ಹೊಲಕ್ಕೂ ಬೀಳುತ್ತದೆ.

ತೆರೇಸಮ್ಮ ತೀರಿಕೊಂಡದ್ದು ಆವಿಲದಲ್ಲಲ್ಲ, ಆಲ್ಬಾ ದೆ ತೋರ್ಮೆಸ್ ಎಂಬ ಊರಿನಲ್ಲಿ, 1582ರ ಅಕ್ಟೋಬರ್ 4ರ ರಾತ್ರಿ. ಮರುದಿನ 15ನೇ ತಾರೀಖು! ಜಗದ್ಗುರು ಹದಿಮೂರನೇ ಗ್ರೆಗೊರಿಯವರು ಪಂಚಾಂಗ ತಿದ್ದಿ ಹತ್ತು ದಿನ ತೆಗೆದದ್ದು ಅದೇ ರಾತ್ರಿ. ಹಬ್ಬ ಇಂದು ಬಿದ್ದದ್ದು ಹೀಗೆ.

ಈಗ ವಿಶ್ವಾಸಿಗಳ ಪ್ರಾರ್ಥನೆಗೆ ಬರೋಣ. ಬೋರ್ ಕೊರೆಸಿ ನೀರು ಕಾಣದ ಮನೆಗಳನ್ನು, ಚಾಟ್ನಿ ಮುಗಿಸಿ ಮಳೆ ಕೆಡಿಸದಿರಲಿ ಎಂದು ಮುಗಿಲು ನೋಡುತ್ತಿರುವವರನ್ನು, ದುಡಿಮೆಗೆ ಗೋವೆ, ಪುಣೆಗೆ ಹೋಗಿ ಈ ಹಬ್ಬಕ್ಕೆ ಬರಲಾಗದ ನಮ್ಮ ಮಕ್ಕಳನ್ನು, ಪ್ರಾರ್ಥನೆ ಒಣಗಿತೆಂದು ದೇವಾಲಯಕ್ಕೆ ಬರುವುದನ್ನೇ ಬಿಟ್ಟವರನ್ನು ಹೆಸರು ಹಿಡಿದು ನೆನೆಯೋಣ. ಎದ್ದು ನಿಲ್ಲೋಣ.