ಪ್ರೌಢಶಾಲಾ ಗಣಿತಕ್ಕೆ ಕೌಶಲ ಬ್ಯಾಡ್ಜ್: ಅಂಕದಾಚೆಗಿನ ಮನ್ನಣೆ



ಎಸ್.ಎಸ್.ಎಲ್.ಸಿ. ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಅಂತಿಮವಾಗಿ ವಿದ್ಯಾರ್ಥಿಯ ಕೈಸೇರುವುದು ಒಂದೇ ಮೊತ್ತ. ತಲಾ 40 ಅಂಕ ಪಡೆದ ಇಬ್ಬರಲ್ಲಿ ಒಬ್ಬಳಿಗೆ ರೇಖಾಗಣಿತ, ಮತ್ತೊಬ್ಬನಿಗೆ ಸಂಖ್ಯಾಶಾಸ್ತ್ರ ಕರಗತವಾಗಿರಬಹುದು. ಆ ಮೊತ್ತ ಅದನ್ನು ತಿಳಿಸದು. ಅನುತ್ತೀರ್ಣರಾದವರಿಗಂತೂ ‘ಗಣಿತ ಬಾರದವರು’ ಎಂಬ ಹಣೆಪಟ್ಟಿಯೇ ಉಳಿಯುತ್ತದೆ. ಹಲವರ ಓದು ಅಲ್ಲಿಗೇ ನಿಲ್ಲುತ್ತದೆ.

ಕೌಶಲ ಬ್ಯಾಡ್ಜ್ ಈ ಕೊರತೆಯನ್ನು ನೀಗಿಸಬಲ್ಲದು. ಇದು ಹೊಸ ಕಲ್ಪನೆಯೇನಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಪ್ರಥಮ ಚಿಕಿತ್ಸೆಯಂತಹ ಒಂದೊಂದು ದಕ್ಷತೆಯನ್ನೂ ಮಾಡಿ ತೋರಿಸಿದವರಿಗೇ ಬ್ಯಾಡ್ಜ್ ದೊರೆಯುತ್ತದೆ. ಗಣಿತಕ್ಕೂ ಇದೇ ಕ್ರಮ ಸಲ್ಲುತ್ತದೆ.

ಕಬ್ಬು ಬೆಳೆಯುವ ಭಾರತೀನಗರದ ಸೀಮೆಯಲ್ಲಿ ಉದಾಹರಣೆ ಹೊಲದಲ್ಲಿಯೇ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್.ಆರ್.ಪಿ. ದರ, ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲಿನ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಹೆಚ್ಚುವರಿ. ಕಾರ್ಖಾನೆಯ ಇಳುವರಿ ಶೇ. 10.75 ಆದರೆ ಟನ್ನಿಗೆ 3,723 ರೂಪಾಯಿಯಾಗುತ್ತದೆ. ಈ ಲೆಕ್ಕ ಮಾಡಿ, ಕಟಾವು ಮತ್ತು ಸಾಗಣೆ ವೆಚ್ಚ ಕಳೆದು, ತಂದೆಯ ಕಬ್ಬಿನ ಬಿಲ್ಲನ್ನು ತಾಳೆ ನೋಡಬಲ್ಲ ವಿದ್ಯಾರ್ಥಿನಿಗೆ ಶೇಕಡಾ ಮತ್ತು ಅನುಪಾತದ ಬ್ಯಾಡ್ಜ್ ಸಲ್ಲಬೇಕು. 33 ಅಡಿ ಚೌಕದ ಗುಂಟೆಯಿಂದ 40 ಗುಂಟೆಯ ಎಕರೆಯವರೆಗೆ ಜಮೀನು ಅಳೆದು ತೋರಿಸುವವನಿಗೆ ವಿಸ್ತೀರ್ಣದ ಬ್ಯಾಡ್ಜ್ ಸಲ್ಲಬೇಕು.

ಆದರೆ ಮೂರು ಎಚ್ಚರಗಳು ಅಗತ್ಯ. ಮೊದಲನೆಯದು, ಪ್ರತಿ ಬ್ಯಾಡ್ಜ್ ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಎರಡನೆಯದು, ಸೋತವರಿಗೆ ಮತ್ತೆ ಮತ್ತೆ ಅವಕಾಶವಿರಬೇಕು, ಶುಲ್ಕವಿರಕೂಡದು. ಮೂರನೆಯದು, ಹಾಜರಾತಿಗೆ ಬ್ಯಾಡ್ಜ್ ಹಂಚಬಾರದು. ಹಂಚಿದರೆ ಅದು ಬರಿಯ ತಗಡು. ಬ್ಯಾಡ್ಜ್ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಪರ್ಯಾಯವಲ್ಲ, ಪೂರಕ ಎಂಬುದನ್ನೂ ಪೋಷಕರಿಗೆ ತಿಳಿಸಬೇಕು.

ಅಕ್ಷರ ಫೌಂಡೇಶನ್ ಸಹಯೋಗದಲ್ಲಿ ಗ್ರಾಮ ಪಂಚಾಯಿತಿಗಳು ನಡೆಸಿದ ಗಣಿತ ಸ್ಪರ್ಧೆಗಳು ಪ್ರಾಥಮಿಕ ಶಾಲೆಯ ಗಣಿತವನ್ನು ಊರಿನ ವಿಷಯವಾಗಿಸಿವೆ. ಪ್ರೌಢಶಾಲೆಯ ಮಕ್ಕಳಿಗೆ ಮುಂದಿನ ಹೆಜ್ಜೆ ಇದಾಗಲಿ. ಪಂಚಾಯಿತಿಯ ಅರಿವು ಕೇಂದ್ರಗಳು ಅಭ್ಯಾಸಕ್ಕೆ ಸ್ಥಳ ನೀಡಲಿ, ಶಿಕ್ಷಕರು ಪರೀಕ್ಷಿಸಲಿ, ಗ್ರಾಮಸಭೆ ಮನ್ನಣೆ ನೀಡಲಿ. ತನಗೇನು ಬರುತ್ತದೆಂದು ಅರಿತ ಮಗು, ಬಾರದುದನ್ನು ಕಲಿಯಲು ಅಂಜುವುದಿಲ್ಲ.