ಸ್ವಾಮಿಯ ಮನೆಯಲ್ಲಿ ಅಜ್ಜಿಯ ಜಾಗ

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತು)



ಕಾದಂಬರಿ ಮತ್ತು ಅದರ ಧಾರಾವಾಹಿಯ ಬಗ್ಗೆ ಐದು ನಿಮಿಷ ಮಾತಾಡಿ ಎಂದಾಗ ನಾನು ಆರಿಸಿಕೊಂಡದ್ದು ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’. 1935ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಕಾದಂಬರಿ 1980ರ ದಶಕದಲ್ಲಿ ದೂರದರ್ಶನದ ‘ಮಾಲ್ಗುಡಿ ಡೇಸ್’ನ ಮೊದಲ ಕಂತುಗಳಾಗಿ ಬಂತು.

ಮುಂಬೈಯಲ್ಲಿ ಬೆಳೆದ ನನ್ನಂಥವರಿಗೆ ಅದೊಂದು ಹಬ್ಬ. ಆಡುವ ಭಾಷೆ ಹಿಂದಿ, ಆದರೆ ಮುಖಗಳೆಲ್ಲ ನಮ್ಮವು. ನಿರ್ದೇಶನ ಶಂಕರ್‌ನಾಗ್. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ನಾರಾಯಣ್ ಅವರ ಕಲ್ಪನೆಯ ಊರು ಆಗುಂಬೆಗೆ ಬಂದು ಮಲೆನಾಡಾಯಿತು. ಪುಸ್ತಕದಲ್ಲಿ ಅಡುಗೆಮನೆಯಲ್ಲೋ ಹಸುಗೂಸಿನ ಪಕ್ಕದಲ್ಲೋ ಕೆಲವೇ ಸಾಲುಗಳಲ್ಲಿ ಬಂದುಹೋಗುವ ಅಮ್ಮನಿಗೆ ವೈಶಾಲಿಯವರಿಂದ ಒಂದು ಮುಖ ಸಿಕ್ಕಿತು. ಇದು ಧಾರಾವಾಹಿಯ ದೊಡ್ಡ ಕೊಡುಗೆ.

ಪುಸ್ತಕ ಕೊಡುವುದೇ ಬೇರೆ. ಮಾವಿನಹಣ್ಣಿನ ಲೆಕ್ಕ ನೆನಪಿದೆಯಲ್ಲ? ಹತ್ತು ಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆಷ್ಟು? ಹಣ್ಣು ಮಾಗಿವೆಯೋ ಇಲ್ಲವೋ ಎಂಬುದು ಸ್ವಾಮಿಯ ಚಿಂತೆ. ಪರದೆಯ ಮೇಲೆ ಮಂಜುನಾಥನ ಪೆಚ್ಚುಮುಖ ನೋಡಿ ನಗುತ್ತೇವೆ. ಪುಸ್ತಕದಲ್ಲಾದರೆ ಆ ತಲೆಯೊಳಗೇ ಕೂತು, ಮಾರುವವನೂ ಕೊಳ್ಳುವವನೂ ಎಂಥ ಮನುಷ್ಯರಿರಬಹುದು ಎಂದು ಅವನ ಜೊತೆ ಯೋಚಿಸುತ್ತೇವೆ.

ನನ್ನನ್ನು ಹೆಚ್ಚು ಕಾಡಿದ್ದು ಅಜ್ಜಿ. ಧಾರಾವಾಹಿಯಿಂದ ನನ್ನ ಮನಸ್ಸಿನಲ್ಲಿ ಉಳಿದದ್ದು ಆಗುಂಬೆಯ ದೊಡ್ಡಮನೆ: ಕಂಬಗಳು, ತೊಟ್ಟಿ, ಬೆಳಕು. ಪುಸ್ತಕ ಓದಿದಾಗ ಗೊತ್ತಾಯಿತು, ಅಜ್ಜಿ ಇರುವುದು ಹಜಾರಕ್ಕೂ ಊಟದ ಕೋಣೆಗೂ ನಡುವಿನ, ಗಾಳಿಯಾಡದ ಓಣಿಯಂಥ ಜಾಗದಲ್ಲಿ. ಅವಳ ಆಸ್ತಿ ಎಂದರೆ ಹಾಸಿಗೆ, ದಿಂಬುಗಳು, ಏಲಕ್ಕಿ-ಲವಂಗ-ಅಡಿಕೆ ಇಟ್ಟ ಒಂದು ಚಿಕ್ಕ ಮರದ ಪೆಟ್ಟಿಗೆ. ತಾತನಿಗೆ ಸಿಕ್ಕ ಚಿನ್ನದ ಪದಕ ಕೊನೆಗೆ ಕರಗಿ ಬಳೆಯಾದ ಕಥೆ ಅವಳಿಗೆ ಹೇಳಬೇಕು. ಮೊಮ್ಮಗನಿಗೋ ಗೆಳೆಯ ರಾಜಮ್‌ನ ಪ್ರತಾಪವೇ ಮುಖ್ಯ. ಹೊಟ್ಟೆನೋವಿಗೆ ಒಂದು ನಿಂಬೆಹಣ್ಣು ತಂದುಕೊಡು ಎಂದರೆ ಕ್ರಿಕೆಟ್ಟಿನ ಗಡಿಬಿಡಿಯಲ್ಲಿ ಓಡಿಹೋಗುತ್ತಾನೆ. ಆಮೇಲೆ ಅಳುಕುತ್ತಾ ಬಂದು ವಿಚಾರಿಸುತ್ತಾನೆ. ನಾರಾಯಣ್ ಇದನ್ನೆಲ್ಲ ನಗಿಸುತ್ತಲೇ ಹೇಳುತ್ತಾರೆ, ಒಂದು ಕಡೆಯೂ ಉಪದೇಶವಿಲ್ಲ.

ಆ ಜಾಗ ನಮಗೆ ಗುರುತಿಲ್ಲವೆ? ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದ ಅತ್ತೆಯೋ ಅಮ್ಮನೋ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಮಲಗುವುದು ಹಾಲ್‌ನ ಸೋಫಾ ಪಕ್ಕದಲ್ಲಿ. ನಾವು ಟೀವಿ ಆರಿಸಿದ ಮೇಲೆಯೇ ಅವರಿಗೆ ರಾತ್ರಿ. ಅಡಿಕೆ ಪೆಟ್ಟಿಗೆಯ ಬದಲು ದಿಂಬಿನ ಪಕ್ಕ ಮಾತ್ರೆಯ ಡಬ್ಬಿ. ಜಾಗ ದೊಡ್ಡದು ಮಾಡುವುದು ನಮ್ಮ ಕೈಯಲ್ಲಿಲ್ಲ ನಿಜ. ಪದಕದ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳುವುದು ಇದೆ.

ರಜೆಯಲ್ಲಿ ಮಕ್ಕಳಿಗೆ ಧಾರಾವಾಹಿ ತೋರಿಸಿ, ಅವರೂ ನಮ್ಮ ಮಲೆನಾಡು ನೋಡಲಿ. ಆಮೇಲೆ ಅಜ್ಜಿಯ ಪುಟಗಳನ್ನು ಅಜ್ಜಿಯ ಎದುರಿಗೇ ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಬಾರದ ಅಜ್ಜಿಗೆ ಮಕ್ಕಳೇ ಕನ್ನಡದಲ್ಲಿ ಹೇಳಲಿ. ಅವರ ಕನ್ನಡವೂ ಒಂದಿಷ್ಟು ಸುಧಾರಿಸೀತು!